ರಾಣಿಖೇತ್‌ನಲ್ಲಿ ಅಮ್ಮನ ಸ್ನಾನ

ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದು ಎಷ್ಟು, ಆಮೇಲೆ ಸೇರಿಕೊಂಡದ್ದು ಎಷ್ಟು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಅಪ್ಪ, ಅಮ್ಮ ಮತ್ತು ನಾನು ಒಂದು ದಸರಾ ರಜೆಯಲ್ಲಿ ಕುಮಾವೂಂ ಬೆಟ್ಟಗಳ ಮೇಲಿರುವ ರಾಣಿಖೇತ್ ಎಂಬ ಊರಿಗೆ ಹೋಗಿದ್ದು ನಿಜ. ಹೊರಡುವ ದಿನ ಬೆಳಿಗ್ಗೆ ಮೋಡ ಸರಿದು ಹಿಮದ ಶಿಖರಗಳು ಕಂಡದ್ದೂ ನಿಜವಿರಬೇಕು. ಅಪ್ಪ ಅದನ್ನು ಕೊನೆಯವರೆಗೂ ಹೇಳುತ್ತಿದ್ದರು. ಆದರೆ ಶಿಖರಗಳು ಯಾವ ಬಣ್ಣದಲ್ಲಿದ್ದವು ಎಂದು ಕೇಳಿದರೆ ನಾನು ಒಂದು ದಿನ ಗುಲಾಬಿ ಎನ್ನುತ್ತೇನೆ, ಇನ್ನೊಂದು ದಿನ ಅರಿಸಿನ ಎನ್ನುತ್ತೇನೆ. ಅಮ್ಮ ತಾರಸಿಗೆ ಬಂದಾಗ ತಲೆಗೆ ಸುತ್ತಿದ್ದ ಟವಲು ನನ್ನ ಕಣ್ಣಿಗೆ ಕಟ್ಟಿದಂತಿದೆ, ಬಣ್ಣ ಮಾತ್ರ ಬದಲಾಗುತ್ತಿರುತ್ತದೆ.

ಯೂನಿವರ್ಸಿಟಿಯಲ್ಲಿ ಓದುವಾಗ ಮನಶ್ಶಾಸ್ತ್ರದ ಒಂದು ಪೇಪರು ತೆಗೆದುಕೊಂಡಿದ್ದೆ. ನೆನಪು ಎಂದರೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯಲ್ಲ, ಪ್ರತಿ ಸಲವೂ ಹೊಸದಾಗಿ ಮಾಡುವ ಅಡುಗೆ ಎಂದು ಮೇಷ್ಟರು ಹೇಳಿದ್ದರು. ಅವರು ಹಾಗೆ ಹೇಳಿದರೋ, ಅವರು ಹೇಳಿದ್ದನ್ನು ನಾನು ಹಾಗೆ ಮಾಡಿಕೊಂಡೆನೋ ಅದೂ ಈಗ ಖಾತ್ರಿಯಿಲ್ಲ. ಅಂದಿನಿಂದ ಯಾರು ಏನು ನೆನಪಿನಿಂದ ಹೇಳಿದರೂ ಒಂದು ಹುಬ್ಬು ಮೇಲೇರಿಸುವ ಚಾಳಿ ನನಗೆ ಅಂಟಿತು. ಅಮ್ಮನ ವಿಷಯದಲ್ಲೂ ಅದನ್ನೇ ಮಾಡಿದೆ.

ಅಪ್ಪ ಹಾಸನದಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಂಥ ನೌಕರಿಯವರಿಗೆ ಕೆಲವು ವರ್ಷಕ್ಕೊಮ್ಮೆ ಎಲ್‌ಟಿಸಿ ಎಂಬ ಸವಲತ್ತು ಸಿಗುತ್ತಿತ್ತು. ಸಂಸಾರ ಸಮೇತ ದೇಶದ ಯಾವ ಮೂಲೆಗಾದರೂ ಹೋಗಿಬರಬಹುದು, ಟಿಕೆಟ್ಟು ಸರ್ಕಾರದ್ದು. ನಮ್ಮ ಬೀದಿಯವರೆಲ್ಲ ಅದನ್ನು ಕಾಶಿಗೋ ರಾಮೇಶ್ವರಕ್ಕೋ ಬಳಸುತ್ತಿದ್ದರು. ಅಪ್ಪನಿಗೆ ಹಿಮ ನೋಡಬೇಕಿತ್ತು. "ದೇವಸ್ಥಾನ ಹಾಸನದಲ್ಲೂ ಇದೆ, ಹಿಮ ಎಲ್ಲಿದೆ ಹೇಳು" ಎಂದು ಅಮ್ಮನ ಬಾಯಿ ಮುಚ್ಚಿಸಿದರು. ಅಮ್ಮ ಬೇರೆ ಲೆಕ್ಕದಲ್ಲಿ ಒಪ್ಪಿದಳು. ಹಿಮಾಲಯ ಗೌರಿಯ ತವರುಮನೆ. ಪ್ರತಿ ಭಾದ್ರಪದದಲ್ಲಿ ನಮ್ಮ ಮನೆಗೆ ಗೌರಿ ಬರುವುದು ಅಲ್ಲಿಂದ. ಒಂದು ಸಲ ನಾವೂ ಅಲ್ಲಿಗೆ ಹೋಗಿಬರುವುದು ಮರ್ಯಾದೆ ಎಂದು ಅವಳ ಅಭಿಪ್ರಾಯ.

ಹೋಲ್ಡಾಲಿನಲ್ಲಿ ಹಾಸಿಗೆ, ಸಕ್ಕರೆ ಚೀಲದಲ್ಲಿ ಪಂಪ್ ಸ್ಟೌ, ಡಬ್ಬಗಳಲ್ಲಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ನಿಪ್ಪಟ್ಟು. ದೆಹಲಿಯವರೆಗೆ ರೈಲು, ಅಲ್ಲಿಂದ ಬಸ್ಸು, ಬೆಟ್ಟದ ಬುಡದಲ್ಲಿ ಇನ್ನೊಂದು ಬಸ್ಸು. ಆ ಬಸ್ಸಿನ ತಿರುವುಗಳಲ್ಲಿ ಅಮ್ಮ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತಿದ್ದಳು. ಪೈನ್ ಮರಗಳ ವಾಸನೆ ಕಿಟಕಿಯಿಂದ ಬರುತ್ತಿತ್ತು. ಇದು ನನ್ನ ನೆನಪೇ. ಅಪ್ಪ ಇದನ್ನು ಯಾವತ್ತೂ ಹೇಳಿದವರಲ್ಲ.

ಲಾಡ್ಜು ಬಜಾರಿನ ಮೇಲಿನ ಬೆಟ್ಟದ ಏಣಿನಲ್ಲಿತ್ತು. ನಮ್ಮ ರೂಮಿನ ಬಾಗಿಲು ಬಜಾರಿನ ಕಡೆಗೆ. ಕಕ್ಕಸು ಜಗುಲಿಯ ತುದಿಯಲ್ಲಿ. ಬಚ್ಚಲು ಮಾತ್ರ ಬೇರೆ, ಕಟ್ಟಡದ ಹಿಂಬದಿಗೆ. ಮೇಲೆ ಸಿಮೆಂಟಿನ ತಾರಸಿ, ಅಲ್ಲಿಂದಲೇ ಶಿಖರಗಳು ಕಾಣಬೇಕು. ಲಾಡ್ಜಿನ ತುಂಬ ದುರ್ಗಾಪೂಜೆಯ ರಜೆಗೆ ಬಂದ ಬಂಗಾಳಿಗಳು. ದೊಡ್ಡವರು, ಮಕ್ಕಳು, ಮುದುಕಿಯರು, ಎಲ್ಲರಿಗೂ ಒಂದೇ ಥರದ ಮಂಕಿ ಕ್ಯಾಪು. ಅಕಾಲದ ಮಳೆ ಸುರಿದು ನಾವು ಹೋದಂದಿನಿಂದ ಮಂಜು ಕವಿದಿತ್ತು. ಎದುರಿಗಿರುವ ದೇವದಾರು ಮರವೇ ಕಾಣುತ್ತಿರಲಿಲ್ಲ. ಅಪ್ಪ ಗಂಟೆಗೊಮ್ಮೆ ತಾರಸಿಗೆ ಹೋಗಿ ಕೈ ಉಜ್ಜಿಕೊಳ್ಳುತ್ತಾ ಇಳಿದು ಬರುತ್ತಿದ್ದರು. ಅಮ್ಮ ಸ್ಟೌ ಹಚ್ಚಿ ಅನ್ನ ಮಾಡುತ್ತಿದ್ದಳು. ವಾಸನೆ ಹೊರಗೆ ಹೋಗಬಾರದೆಂದು ಬಾಗಿಲ ಸಂದಿಗೆ ಬೆಡ್‌ಶೀಟು.

ಚಳಿ ಹೇಗಿತ್ತೆಂದರೆ ಅಪ್ಪ ಮತ್ತು ನಾನು ಸ್ನಾನವನ್ನು ದೆಹಲಿಯವರೆಗೆ ಮುಂದೂಡಿದೆವು.

"ಗಂಗೆ ಹುಟ್ಟೋ ದಿಕ್ಕಿಗೇ ಬಂದಿದೀವಿ. ಗಾಳೀಲೇ ಗಂಗೆ ಇರ್ತಾಳೆ, ಸಾಕು" ಎಂದರು ಅಪ್ಪ.

"ಗಾಳೀಲಿ ನಿಮ್ಮ ಬನೀನು ವಾಸನೆ ಇದೆ" ಎಂದಳು ಅಮ್ಮ. ಅವಳೊಬ್ಬಳು ದಿನಾ ಬೆಳಿಗ್ಗೆ ಲಾಡ್ಜಿನವನಿಂದ ಬಿಸಿನೀರಿನ ಬಕೆಟ್ಟು ತರಿಸಿಕೊಂಡು ಹಿಂಬದಿಯ ಬಚ್ಚಲಿಗೆ ಹೋಗುತ್ತಿದ್ದಳು.

ಕೊನೆಯ ದಿನ ಬೆಳಕು ಹರಿಯುವ ಮೊದಲೇ ತಾರಸಿಯಲ್ಲಿ ಬಂಗಾಳಿಗಳ ಗದ್ದಲ ಕೇಳಿಸಿತು. ಅಪ್ಪ ಒಂದೇ ನೆಗೆತಕ್ಕೆ ಎದ್ದು ನಮ್ಮಿಬ್ಬರ ರಗ್ಗು ಎಳೆದರು.

"ಏಳ್ರೋ, ಕಾಣ್ತಾ ಇದೆ."

ಅಮ್ಮ ಎದ್ದು ಕೂತು ಕೂದಲು ಗಂಟು ಹಾಕಿಕೊಂಡಳು. "ನೀವು ಹೋಗಿ. ನಾನು ಸ್ನಾನ ಮಾಡಿ ಬರ್ತೀನಿ."

"ಈಗ ಎಂಥ ಸ್ನಾನ? ಮೋಡ ಬಂದುಬಿಡುತ್ತೆ."

"ನಿದ್ದೆ ಮುಖದಲ್ಲಿ ದರ್ಶನ ಮಾಡೋದಾ?"

"ಅದು ಬೆಟ್ಟ ಕಣೇ. ನಿನ್ನ ಮಾವ ಅಲ್ಲ."

"ಗೌರಿ ಅಪ್ಪ. ಮಾವನಿಗಿಂತ ದೊಡ್ಡೋರು."

ಅಪ್ಪ ಕಾಯಲಿಲ್ಲ. ನಾವಿಬ್ಬರು ಮೆಟ್ಟಿಲು ಹತ್ತಿದೆವು. ಅಲ್ಲಿ ಕಂಡದ್ದನ್ನು ನಾನು ಎಷ್ಟೋ ಸಲ ವರ್ಣಿಸಿದ್ದೇನೆ, ಆದ್ದರಿಂದ ಅದರ ಮೇಲೆ ನನಗೆ ನಂಬಿಕೆ ಕಡಿಮೆ. ನಂಬಿಕೆಯಿರುವುದು ಒಂದೇ ವಿವರದ ಮೇಲೆ. ಶಿಖರಗಳನ್ನು ನಾನು ಹುಡುಕುತ್ತಿದ್ದ ಎತ್ತರದಲ್ಲಿ ಅವು ಇರಲಿಲ್ಲ. ನಾನು ಮರಗಳ ತುದಿಯಲ್ಲಿ ನೋಡುತ್ತಿದ್ದೆ. ಅಪ್ಪ ನನ್ನ ಗಲ್ಲ ಹಿಡಿದು ಮುಖವನ್ನು ಮೇಲೆತ್ತಿದರು. ಆಕಾಶ ಎಂದುಕೊಂಡಿದ್ದ ಜಾಗದಲ್ಲಿ ಅವು ನಿಂತಿದ್ದವು. ಅಪ್ಪನ ಬೆರಳು ತಣ್ಣಗಿತ್ತು.

ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಇದ್ದಿರಬಹುದು. ಕಣಿವೆಯಿಂದ ಮೋಡ ಎದ್ದು ಒಂದೊಂದನ್ನೇ ಒರೆಸಿಕೊಂಡು ಹೋಯಿತು. ಎಲ್ಲ ಬಿಳಿಯಾದ ಮೇಲೆ ಅಮ್ಮ ಬಂದಳು. ತಲೆಗೆ ಟವಲು, ಹೊಸ ಕುಂಕುಮ, ಒಗೆದ ಸೀರೆಯ ಮೇಲೆ ಅಪ್ಪನ ಸ್ವೆಟರು.

"ಮುಗೀತು. ನಿನ್ನ ಗೌರಿ ಅಪ್ಪ ಬಾಗಿಲು ಹಾಕ್ಕೊಂಡ್ರು" ಎಂದರು ಅಪ್ಪ.

ಅಮ್ಮ ಆ ಬಿಳಿಯ ಕಡೆಗೆ ಕೈ ಮುಗಿದು ಗಂಟುಮೂಟೆ ಕಟ್ಟಲು ಇಳಿದಳು. ಬಸ್ಸಿನಲ್ಲಿ, ಅಥವಾ ಆಮೇಲೆ ದೆಹಲಿಯ ರೈಲಿನಲ್ಲಿ, ಇದ್ದಕ್ಕಿದ್ದಂತೆ ಹೇಳಿದಳು:

"ನಾನೂ ನೋಡಿದೆ ಬಿಡಿ."

"ಏನನ್ನ? ಮೋಡಾನಾ?" ಎಂದು ಅಪ್ಪ ಎದುರು ಸೀಟಿನವರಿಗೂ ಕೇಳುವ ಹಾಗೆ ನಕ್ಕರು.

ಆ ನಗು ಮುಂದೆ ನಮ್ಮ ಮನೆಯ ಒಂದು ಸಾಮಾನೇ ಆಯಿತು. ಮದುವೆ, ಮುಂಜಿ, ಗೃಹಪ್ರವೇಶ, ಎಲೆ ಹಾಕುವವರೆಗೆ ಜನ ಸುಮ್ಮನೆ ಕೂತಿದ್ದಾರೆಂದರೆ ಅಪ್ಪ ಶುರು ಮಾಡುತ್ತಿದ್ದರು. "ನಮ್ಮನೆಯವಳನ್ನ ಹಾಸನದಿಂದ ಹಿಮಾಲಯದವರೆಗೆ ಕರ್ಕೊಂಡು ಹೋದೆ ಸ್ವಾಮಿ. ಇವಳು ಸ್ನಾನಕ್ಕೆ ಹೋದ್ಲು, ಹಿಮಾಲಯ ಎದ್ದು ಹೋಯ್ತು." ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ನಾನು ನೋಡಿದೀನಿ" ಎಂದು ಒಮ್ಮೊಮ್ಮೆ ಹೇಳುತ್ತಿದ್ದಳು. ಎಲ್ಲಿಂದ, ಯಾವಾಗ ಎಂದು ಕೇಳಿದರೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಅದೂ ಆ ಕಥೆಯ ಭಾಗವೇ ಆಯಿತು.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಅಮೆರಿಕದಿಂದ ಬಂದಿದ್ದೆ. ಒಂದು ಮಧ್ಯಾಹ್ನ ಅವರು ಅಮ್ಮನಿಗೆ ಮೆಲ್ಲಗೆ ಹೇಳಿದರು, "ನಿನಗೊಂದು ಸಲ ಸರಿಯಾಗಿ ತೋರಿಸಬೇಕಿತ್ತು ಕಣೇ. ಇನ್ನೊಂದು ಎಲ್‌ಟಿಸಿ ಇತ್ತು. ಹಾಳು ಮಾಡ್ಕೊಂಡೆ."

"ನಾನು ನೋಡಿದೀನಿ ಅಂದ್ರೆ. ಎಷ್ಟು ಸಲ ಹೇಳೋದು" ಎಂದಳು ಅಮ್ಮ.

ಅಪ್ಪ ನಕ್ಕು ಅವಳ ಕೈ ತಟ್ಟಿದರು. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದು ಅವರ ಮುಖ ಹೇಳುತ್ತಿತ್ತು. ನನ್ನ ಮುಖವೂ ಹಾಗೇ ಇದ್ದಿರಬೇಕು, ಏಕೆಂದರೆ ಅಮ್ಮ ಅಪ್ಪನನ್ನು ಬಿಟ್ಟು ನನ್ನನ್ನು ನೋಡಿದಳು. ಆ ವಾರದಲ್ಲೇ ಅಪ್ಪ ಹೋದರು.

ಮರುವರ್ಷ ನಮಗೆ ಮಗಳು ಹುಟ್ಟಿದಳು. ಆಗ ನಾವು ಅಮೆರಿಕದ ಪಡುವಣ ಕರಾವಳಿಯ ಸನ್ನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಬೇ ಏರಿಯಾ ಎಂಬ ಆ ಸೀಮೆಗೆ ಇಂಟರ್ನೆಟ್ ಕಂಪನಿಗಳ ಡಾಟ್ ಕಾಮ್ ಜ್ವರ ಏರಿದ್ದ ವರ್ಷಗಳು ಅವು. ಗ್ರಾಸರಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿರುವಾಗಲೂ ಯಾರಾದರೂ ಕೆಲಸ ಬದಲಾಯಿಸುತ್ತೀಯಾ ಎಂದು ಕೇಳುತ್ತಿದ್ದರು. ನಾನು ಒಂದು ಕಡೆ ಕೂರುವವನಲ್ಲ, ಕೇಳಿದವರಿಗೆಲ್ಲ ಹೂಂ ಎನ್ನುತ್ತಿದ್ದೆ. ಆಗ ಸೇರಿದ್ದ ಕಂಪನಿ ಇಂಟರ್ನೆಟ್ಟಿನಲ್ಲಿ ಹೂಗಿಡ ಮಾರುತ್ತಿತ್ತು. ಆಫೀಸಿನ ನಡುವೆ ಕೋಲುಗಳಿಂದ ಆಡುವ ಪುಟ್ಟ ಫುಟ್‌ಬಾಲ್ ಮೇಜು, ಗೋಡೆಯುದ್ದಕ್ಕೂ ಬಿಟ್ಟಿ ಸೋಡಾ ತುಂಬಿದ ಫ್ರಿಜ್ಜು. ಸುಂದರವಾದ ಕಾಲ. ನಾವೆಲ್ಲ ಬುದ್ಧಿವಂತರೆಂದು ನಮಗೇ ಅನಿಸುತ್ತಿತ್ತು.

ಅಲ್ಲಿಯ ನಮ್ಮವರ ಮನೆಗಳಲ್ಲಿ ಬಾಣಂತನ ಒಂದು ರಿಲೇ ಓಟ. ಮೊದಲು ಹೆಂಡತಿಯ ತಾಯಿ ಬಂದು ವೀಸಾ ಮುಗಿಯುವವರೆಗೆ ಇರುತ್ತಾರೆ, ಅವರು ಹೊರಡುವ ಹೊತ್ತಿಗೆ ಗಂಡನ ತಾಯಿ ಇಳಿಯುತ್ತಾರೆ. ನನ್ನ ಅತ್ತೆ ಮತ್ತು ಅಮ್ಮ ನಮ್ಮ ಅಡುಗೆಮನೆಯಲ್ಲಿ ಸಾಂಬಾರುಪುಡಿಯ ಡಬ್ಬ ಯಾವುದು, ಬಾಣಂತಿ ಖಾರ ಯಾವುದು ಎಂದು ಹಸ್ತಾಂತರ ಮಾಡಿಕೊಂಡರು. ಬೀಗಿತ್ತಿಯರಿಬ್ಬರೂ ಬಹಳ ಗೌರವದಿಂದ ಒಬ್ಬರ ಅಡುಗೆಯನ್ನು ಇನ್ನೊಬ್ಬರು ಹೊಗಳಿದರು, ಅಷ್ಟೇ ಎಚ್ಚರದಿಂದ.

ಅಮ್ಮನಿಗೆ ಅಪಾರ್ಟ್‌ಮೆಂಟು ಹಿಡಿಸಿತು. ಹಿಡಿಸದ್ದು ಸ್ನಾನದ ಮನೆ. ನಮ್ಮದಕ್ಕೆ ಕಿಟಕಿಯಿರಲಿಲ್ಲ, ಗೊರಗೊರ ಎನ್ನುವ ಒಂದು ಫ್ಯಾನು ಮಾತ್ರ. "ಕಿಟಕಿ ಇಲ್ಲದ್ದೂ ಒಂದು ಬಚ್ಚಲಾ? ಆ ರಾಣಿಕೇತದಲ್ಲಿ ಕೂಡ ಇತ್ತಪ್ಪ" ಎಂದು ಬಂದ ದಿನವೇ ಅಂದಳು. ಅಂದಳೆಂದು ಈಗ ನನಗೆ ಅನಿಸುತ್ತದೆ. ಅಂದಿದ್ದರೆ ಆಗಲೇ ನನ್ನ ಕಿವಿ ನಿಮಿರಬೇಕಿತ್ತಲ್ಲ? ಮುಂದೆ ತಿಳಿದದ್ದನ್ನು ಹಿಂದಕ್ಕೆ ಒಯ್ದು ಅವಳ ಬಾಯಲ್ಲಿ ಇಟ್ಟಿದ್ದೇನೋ ಏನೋ.

ಒಂದು ಭಾನುವಾರ ಲಿವರ್‌ಮೋರ್ ದೇವಸ್ಥಾನಕ್ಕೆ ಹೋದೆವು. ಚಳಿಗಾಲದ ಮಳೆ ಬಿದ್ದು ಫ್ರೀವೇ ಪಕ್ಕದ ಗುಡ್ಡಗಳು ಹಸಿರಾಗಿದ್ದವು. ಅಮ್ಮ ಮಗುವಿನ ಕಾರ್ ಸೀಟಿನ ಪಕ್ಕ ಕೂತು, "ಬಸ್ಸು ಬೆಟ್ಟ ಹತ್ತೋ ಮುಂಚೆ ಹಿಂಗೇ ಇತ್ತು, ಅಲ್ವಾ?" ಎಂದಳು. ಯಾವ ಬಸ್ಸು ಎಂದು ಕೇಳುವ ಅಗತ್ಯವಿರಲಿಲ್ಲ.

ಊಟದ ಹಾಲಿನಲ್ಲಿ ಮಂಡ್ಯದ ಕಡೆಯ ಸ್ನೇಹಿತ ಮತ್ತು ಅವನ ಹೆಂಡತಿ ಸಿಕ್ಕರು. ಪುಳಿಯೋಗರೆ, ಮೊಸರನ್ನದ ತಟ್ಟೆ ಹಿಡಿದು ಕೂತೆವು. ಮಾತು ಎಲ್ಲಿಂದಲೋ ಟಾಹೋ ಎಂಬ ಬೆಟ್ಟದೂರಿನ ಹಿಮಕ್ಕೆ ಬಂತು. ನಾನು ಅಪ್ಪನ ಕಥೆ ಶುರು ಮಾಡಿದೆ, ಅಪ್ಪನ ದನಿಯಲ್ಲೇ, ಅವರು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ. ಸ್ನೇಹಿತ ಬಿದ್ದು ಬಿದ್ದು ನಕ್ಕ.

"ಏನ್ ಆಂಟಿ, ಅಷ್ಟು ದೂರ ಹೋಗಿ ಮಿಸ್ ಮಾಡ್ಕೊಂಡ್ರಾ? ಬನ್ನಿ, ವೀಕೆಂಡು ಟಾಹೋಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಸ್ನಾನ ಮಾಡ್ದಿದ್ರೂ ನಡಿಯುತ್ತೆ."

"ನಾನು ನೋಡಿದೀನಪ್ಪ" ಎಂದಳು ಅಮ್ಮ.

"ಫೋಟೋದಲ್ಲಾ ಆಂಟಿ?"

ಎಲ್ಲರೂ ನಕ್ಕರು. ಅಮ್ಮ ಸೆರಗು ಬಾಯಿಗೆ ಒಯ್ಯಲಿಲ್ಲ. ಮೊಸರನ್ನ ಕಲಸುತ್ತಲೇ ಇದ್ದಳು.

ವಾಪಸು ಬರುವಾಗ ಮಗು ಮಲಗಿತ್ತು, ಮುಂದಿನ ಸೀಟಿನಲ್ಲಿ ಹೆಂಡತಿಯೂ ತೂಕಡಿಸುತ್ತಿದ್ದಳು. ಹಿಂದಿನಿಂದ ಅಮ್ಮನ ದನಿ ಬಂತು. "ನಿಮ್ಮಪ್ಪ ಹೇಳ್ತಿದ್ದಾಗ ಅದು ಬೇರೆ. ಅವರು ಕರ್ಕೊಂಡು ಹೋಗಿದ್ರು, ಆಡ್ಕೊಳ್ಳೋ ಹಕ್ಕು ಅವರಿಗಿತ್ತು. ನಿನಗೆ ಯಾಕೆ?"

"ತಮಾಷೆಗೆ ಹೇಳ್ದೆ ಅಮ್ಮ."

"ಅವರೂ ನಂಬದೇ ಹೋದ್ರು. ಆಸ್ಪತ್ರೇಲೂ ಸುಳ್ಳು ಹೇಳಿದೆ ಅಂದ್ಕೊಂಡೇ ಹೋದ್ರು. ನೀನಾದ್ರೂ ನಂಬು."

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ನಂಬುತ್ತೇನೆ ಎಂದು ಹೇಳಿ ಸುಮ್ಮನಾಗುತ್ತಿದ್ದರು. ನನಗೆ ಸಾಕ್ಷಿ ಬೇಕಿತ್ತು. "ಸರಿ, ಎಲ್ಲಿ ನಿಂತು ನೋಡ್ದೆ ಹೇಳು. ತಾರಸಿಗೆ ಬಂದಾಗ ಮೋಡ ಮುಚ್ಚಿತ್ತು. ರೂಮಿನ ಬಾಗಿಲು ಬಜಾರಿನ ಕಡೆಗಿತ್ತು. ಮತ್ತೆ ಎಲ್ಲಿಂದ?" ಆಫೀಸಿನಲ್ಲಿ ಪ್ರೋಗ್ರಾಮಿನ ತಪ್ಪು ಹುಡುಕುವಾಗ ಕೇಳುವ ಹಾಗೆ ಕೇಳಿದೆ. ಕನ್ನಡಿಯಲ್ಲಿ ಅವಳು ಹೊರಗೆ ನೋಡುತ್ತಿದ್ದದ್ದು ಕಂಡಿತು.

"ನೋಡಿದೆ ಅಂದ್ಮೇಲೆ ನೋಡಿದೆ" ಎಂದಳು.

ಕೆಲವು ವಾರಗಳಾದ ಮೇಲೆ ಒಂದು ಶನಿವಾರ, ಎರಡು ದಿನ ಹಿಡಿದ ಚಳಿಮಳೆ ಬಿಟ್ಟಿತ್ತು. ಕಸ ಹಾಕಲು ಹೊರಗೆ ಹೋದವನು ಮೂಡಲ ಕಡೆ ನೋಡಿದರೆ ಮೌಂಟ್ ಹ್ಯಾಮಿಲ್ಟನ್ ನೆತ್ತಿ ಬೆಳ್ಳಗಾಗಿದೆ. ಸಾನ್ ಹೋಸೆಯ ಮೇಲಿನ ಆ ಬೆಟ್ಟಕ್ಕೆ ವರ್ಷಕ್ಕೊಮ್ಮೆ ಹಿಮ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನದೊಳಗೆ ಕರಗಿಹೋಗುತ್ತದೆ. ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಶನಿವಾರಗಳಲ್ಲಿ ಮಗುವಿಗೆ ಎರೆದ ಮೇಲೆಯೇ ಅವಳ ಸ್ನಾನ.

"ಅಮ್ಮ, ಹಿಮ ಬಿದ್ದಿದೆ ಬಾ" ಎಂದು ಬಾಗಿಲಲ್ಲಿ ನಿಂತು ಕೂಗಿದೆ. ಸ್ನಾನ ಆಗಿಲ್ಲ ತಾಳು ಎನ್ನುತ್ತಾಳೆ, ಅದನ್ನೂ ಕಥೆಗೆ ಸೇರಿಸಬಹುದು ಎಂಬ ಸಣ್ಣ ಆಸೆ ನನ್ನೊಳಗೆ ಇತ್ತು.

ಅವಳು ಎಣ್ಣೆಗೈಯಲ್ಲೇ ಓಡಿ ಬಂದಳು. ನೈಟಿಯ ಮೇಲೆ ನನ್ನ ಸ್ವೆಟರು, ಬಿಚ್ಚಿದ ಕೂದಲು. ಪಾರ್ಕಿಂಗ್ ಜಾಗದ ಕಟಕಟೆ ಹಿಡಿದು ನಿಂತಳು. ಕಾರುಗಳ ಸಾಲು, ಅದರಾಚೆ ತಾಳೆಮರ, ಅದರಾಚೆ ಫ್ರೀವೇ, ಎಲ್ಲಕ್ಕಿಂತ ಮೇಲೆ ಆ ತೆಳ್ಳನೆಯ ಬಿಳಿ.

"ಇವತ್ತು ಮಡಿ ಇಲ್ವಾ?" ಎಂದೆ.

"ಇದಕ್ಕೆಂಥ ಮಡಿ. ಇದು ಗುಡ್ಡ." ಕಟಕಟೆಯ ಮೇಲೆ ಬಗ್ಗಿ, "ಅವತ್ತು ಇಷ್ಟು ಕೆಳಗೆ ಇರಲಿಲ್ಲ. ನಾನು ಮರದ ತುದೀಲಿ ಹುಡುಕ್ತಿದ್ದೆ. ಅದು ಇನ್ನೂ ಮೇಲಿತ್ತು."

ಅದು ನನ್ನ ನೆನಪು. ನಾನು ನಂಬುವ ಒಂದೇ ವಿವರ. ಅದನ್ನು ಅವಳಿಗೆ ಎಂದಾದರೂ ಹೇಳಿದ್ದೆನೇ? ಹೇಳಿದ್ದರೆ ಅವಳು ನನ್ನಿಂದ ಎತ್ತಿಕೊಂಡಿದ್ದಾಳೆ. ಹೇಳಿರದಿದ್ದರೆ ಅವಳು ಕಂಡಿದ್ದಾಳೆ. ಅಥವಾ ಇನ್ನೊಂದು ಸಾಧ್ಯತೆ, ಅವಳು ಯಾವತ್ತೋ ಹೇಳಿದ್ದನ್ನು ನಾನೇ ನನ್ನದು ಮಾಡಿಕೊಂಡು, ಅಪ್ಪನ ತಣ್ಣನೆಯ ಬೆರಳನ್ನೂ ಅದಕ್ಕೆ ಅಂಟಿಸಿದ್ದೇನೆ. ಇದು ಹೊಳೆದ ಮೇಲೆ ನನಗೆ ಹಿಮ ನೋಡುವ ಉತ್ಸಾಹ ಉಳಿಯಲಿಲ್ಲ.

ಆವತ್ತು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. ಅಮ್ಮನೆದುರು ಅವಳು ನನಗೆ ನೀವು, ರೀ ಎನ್ನುತ್ತಿದ್ದಳು. ಮಿಕ್ಕ ಹೊತ್ತಿನಲ್ಲಿ ನಾವು ಕಾಲೇಜಿನ ದಿನಗಳ ನೀನು, ಕಣೋ.

"ನಿನಗೊಂದು ವಿಷಯ ಹೇಳ್ತೀನಿ. ಅವರ ಹತ್ರ ಬಾಯಿ ಬಿಡಬಾರದು."

ಆ ಬೆಳಿಗ್ಗೆ ಮಗುವಿಗೆ ಎರೆಯಲು ಅಮ್ಮ ಟಬ್ಬಿನೊಳಗೆ ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದಳಂತೆ. ಕಾಲು ನೀಡಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು. ಅದು ಮುರಿಯುತ್ತದೆಂದು ಹೆಂಡತಿಗೆ ಭಯ.

"ಅತ್ತೆ, ಬೇಡಿ, ಸ್ಟೂಲು ತರ್ತೀನಿ."

"ಏನೂ ಆಗಲ್ಲಮ್ಮ. ರಾಣಿಕೇತದಲ್ಲಿ ಬಕೆಟ್ ಮೇಲೆ ನಿಂತಿದೀನಿ ನಾನು."

"ಬಕೆಟ್ ಮೇಲೆ ಯಾಕೆ ನಿಂತ್ಕೊಂಡ್ರಿ?"

ಅಮ್ಮ ಮಗುವಿನ ತಲೆಗೆ ನೀರು ಹೊಯ್ಯುತ್ತಲೇ ಹೇಳಿದಳಂತೆ. ಅರ್ಧ ಸ್ನಾನವಾಗಿತ್ತು, ಮೈಯೆಲ್ಲ ಸೋಪು. ಮೇಲೆ ಬಂಗಾಳಿಗಳು ಕೂಗಾಡುವುದು ಕೇಳುತ್ತಿತ್ತು. ಬಚ್ಚಲಿಗೆ ಎತ್ತರದಲ್ಲಿ ಒಂದು ಮರದ ಬಾಗಿಲಿನ ಕಿಟಕಿ. ತಡೆಯಲಾರದೆ ಖಾಲಿ ಬಕೆಟ್ಟು ಬೋರಲು ಹಾಕಿ ಹತ್ತಿ ಕಿಟಕಿ ತೆಗೆದಳು. ತೆಗೆದರೆ ಎದುರಿಗೇ ಸಾಲಾಗಿ ನಿಂತಿದ್ದಾರೆ.

"ಗೌರಿ ತವರಿನವರೆಲ್ಲ ನಿಂತ್ಕೊಂಡು ನೋಡ್ತಿದಾರೆ, ನಾನು ಹೀಗಿದೀನಿ. ರಪ್ ಅಂತ ಮುಚ್ಚಿದೆ. ಆಮೇಲೆ ತಡೀಲಿಲ್ಲ ಕಣಮ್ಮ, ಟವಲು ಹೊದ್ಕೊಂಡು ಇನ್ನೊಂದ್ಸಲ ತೆಗೆದೆ."

"ಮಾವನಿಗೆ ಹೇಳೋದಲ್ವಾ?"

"ನಿಮ್ಮ ಮಾವನಿಗಾ? ಸ್ನಾನ ಮಾಡದೆ ನೋಡಬಾರದು ಅಂದೋಳು ನಾನು. ಬಚ್ಚಲಿಂದ ಹೀಗೆ ನೋಡಿದೆ ಅಂದಿದ್ರೆ ಹಾಸನದ ತುಂಬ ಡಂಗುರ ಹೊಡೀತಿದ್ರು. ನೋಡಿದೆ ಅಂತ ಅಂದೆ. ಅಷ್ಟು ಸಾಕಾಗಬೇಕಿತ್ತು ಅವರಿಗೆ."

ಹೆಂಡತಿ ನಗುತ್ತಾ ಹೇಳುತ್ತಿದ್ದವಳು ಇಲ್ಲಿ ನಿಲ್ಲಿಸಿದಳು. "ನೀನೀಗ ಏನೂ ಕೇಳಬೇಡ" ಎಂದಳು.

"ಆ ಬಚ್ಚಲಿಗೆ ಕಿಟಕಿ ಇರಲಿಲ್ಲವಲ್ಲ" ಎಂದೆ.

ನನಗೆ ಸ್ಪಷ್ಟವಾಗಿ ನೆನಪಿತ್ತು. ಕತ್ತಲು, ಪಾಚಿಗಟ್ಟಿದ ಕಲ್ಲು, ನಾಲ್ಕೂ ಕಡೆ ಗೋಡೆ.

"ನೀನು ಅಲ್ಲಿ ಸ್ನಾನ ಮಾಡಿದ್ದೀಯಾ?" ಎಂದಳು ಹೆಂಡತಿ.

ಮಾಡಿರಲಿಲ್ಲ. ನಾನಾಗಲಿ ಅಪ್ಪನಾಗಲಿ ಆ ಬಚ್ಚಲೊಳಗೆ ಕಾಲೇ ಇಟ್ಟಿರಲಿಲ್ಲ. ನೋಡದ ಕೋಣೆಯ ಪಾಚಿಯವರೆಗೂ ನನಗೆ ನೆನಪಿತ್ತು.

ಅಮ್ಮ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಅವಳ ಬ್ಯಾಗು ಹಿಡಿದು ನಿಂತಿದ್ದಾಗ, "ಅಮ್ಮ, ನೀನು ನೋಡಿದೀಯ ಅಂತ ನಂಬ್ತೀನಿ" ಎಂದೆ.

ಅವಳು ನನ್ನ ಮುಖ ನೋಡಿ, "ನಿಮ್ಮಪ್ಪ ಕೈ ತಟ್ಟಿದ ಹಾಗೇ ಇದೆ ಇದು" ಎಂದಳು. ಮಗುವಿನ ಕೆನ್ನೆ ಹಿಂಡಿ ಒಳಗೆ ಹೋದಳು.

ಮುಂದಿನ ವರ್ಷ ಡಾಟ್ ಕಾಮ್ ಜ್ವರ ಇಳಿಯಿತು. ಹೂಗಿಡದ ಕಂಪನಿ ಮುಚ್ಚಿತು. "ಗಿಡ ಮುಟ್ಟಿ ನೋಡದೆ ಯಾರಪ್ಪ ತಗೋತಾರೆ?" ಎಂದು ಅಮ್ಮ ಮೊದಲೇ ಕೇಳಿದ್ದಳು. ಫುಟ್‌ಬಾಲ್ ಮೇಜನ್ನು ಯಾರೋ ಪಿಕಪ್ಪಿನಲ್ಲಿ ಹೇರಿಕೊಂಡು ಹೋದರು. ಸ್ನೇಹಿತರು ಒಬ್ಬೊಬ್ಬರಾಗಿ ಕಡಿಮೆ ಬಾಡಿಗೆಯ ಕಡೆಗೆ ಸರಿದರು. ಮಂಡ್ಯದವನು ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್‌ಗೆ ಹೋದ. ಅವನ ಮನೆಗೆ ಹೋದರೆ ಬೆಳ್ಳುಳ್ಳಿಯ ಗಾಳಿ ಬೀಸುತ್ತಿತ್ತು. ಇನ್ನೊಂದು ಕೆಲಸ ಸಿಗುವ ಮುನ್ನ ನಾವು ಊರಿಗೆ ಹೋಗಿಬರೋಣವೆಂದು ಹೊರಟೆವು. ಹೆಂಡತಿ, ಮಗಳು ಹಾಸನದಲ್ಲಿ ಅಮ್ಮನ ಜೊತೆ ಉಳಿದರು. ದೆಹಲಿಯಲ್ಲಿ ಕೆಲಸವಿದೆ ಎಂದು ಹೇಳಿ ನಾನು ರಾಣಿಖೇತ್‌ಗೆ ಹೋದೆ.

ಬಸ್ಸಿನಲ್ಲಿ ಪೈನ್ ವಾಸನೆ ಬಂತು. ಲಾಡ್ಜು ಇತ್ತು, ಹಸಿರು ಬಣ್ಣ ಬಳಿದಿದ್ದರು. ಬಜಾರಿನ ಮೇಲಿನ ಏಣು, ತಾರಸಿ, ಎದುರಿನ ದೇವದಾರು ಎಲ್ಲ ಇದ್ದವು, ಎಲ್ಲವೂ ನನ್ನ ನೆನಪಿಗಿಂತ ಹತ್ತಿರ ಹತ್ತಿರ. ಶಿಖರಗಳಿರುವಲ್ಲಿ ಮೋಡವಿತ್ತು. ಹಿಂದುಗಡೆಯ ಹಳೆಯ ಬಚ್ಚಲು ನೋಡಬೇಕು ಎಂದಾಗ ಮೇಜಿನ ಹಿಂದಿದ್ದವನು ನನ್ನನ್ನು ಒಂದು ಥರ ನೋಡಿದ. ಎಲ್ಲ ರೂಮಿಗೂ ಈಗ ಬಾತ್‌ರೂಮು ಇದೆ, ಅದು ಉಗ್ರಾಣ ಎಂದ. ಬೀಗ ತೆಗೆದುಕೊಟ್ಟ.

ಹಾಸಿಗೆಗಳ ರಾಶಿ, ಮುರಿದ ಕುರ್ಚಿಗಳು. ಪಾಚಿಯಿರಲಿಲ್ಲ. ಎದುರು ಗೋಡೆಯಲ್ಲಿ, ನನ್ನ ತಲೆಗಿಂತ ಸ್ವಲ್ಪ ಮೇಲೆ, ಮರದ ಬಾಗಿಲಿನ ಒಂದು ಕಿಟಕಿ. ಅಮ್ಮ ನನ್ನ ಭುಜಕ್ಕೆ ಬರುತ್ತಾಳೆ. ನಾನು ಒಂದು ಕುರ್ಚಿ ಎಳೆದು ಹತ್ತಿ ಚಿಲಕ ಸರಿಸಿದೆ. ಹೊರಗೆ ಬಿಳಿ, ಮತ್ತೇನೂ ಇಲ್ಲ. ಸಂಜೆಯವರೆಗೆ ಕಾದೆ. ಮರುದಿನವೂ ಕಾದೆ. ಮೋಡ ಸರಿಯಲಿಲ್ಲ.

ಬಜಾರಿನ ಎಸ್‌ಟಿಡಿ ಬೂತಿನಿಂದ ಹಾಸನಕ್ಕೆ ಫೋನು ಮಾಡಿದೆ.

"ಅಮ್ಮ, ನಾನು ರಾಣಿಖೇತ್‌ನಲ್ಲಿದೀನಿ. ಕಿಟಕಿ ಇದೆ."

ಆ ಕಡೆ ಅಡುಗೆಮನೆಯಲ್ಲಿ ಕುಕ್ಕರು ಕೂಗುವುದು ಕೇಳಿಸಿತು.

"ಹೇಳಿಬಿಟ್ಟಳಾ ನಿನ್ನ ಹೆಂಡ್ತಿ?"

"ಹೂಂ."

"ಕಿಟಕಿ ಇದೆ ಅಂತ ನನಗೆ ಗೊತ್ತಿಲ್ವಾ? ಅಷ್ಟು ದೂರ ಹೋಗಿ ನನಗೇ ಹೇಳ್ತಿದೀಯ." ಆಮೇಲೆ ದನಿ ಇಳಿಯಿತು. "ಬೆಟ್ಟ ಕಂಡಿತಾ?"

"ಇಲ್ಲ. ಮೋಡ."

"ಸ್ನಾನ ಮಾಡಿದ್ಯಾ?"

"ಇಲ್ಲ. ಚಳಿ."

"ಮತ್ತೆ?" ಎಂದಳು. ಎಂದು ನಕ್ಕಳು, ಪಕ್ಕದ ಮನೆಗೂ ಕೇಳುವ ಹಾಗೆ, ಥೇಟ್ ಅಪ್ಪನ ಹಾಗೆ.

ಕಿಟಕಿಯಿದ್ದ ಮಾತ್ರಕ್ಕೆ ಅವಳು ನೋಡಿದಳೆಂದು ಆಗುವುದಿಲ್ಲ, ಅದು ನನಗೆ ಗೊತ್ತು. ಕಿಟಕಿ ಬೇರೆ ದಿಕ್ಕಿಗೂ ಇರಬಹುದಿತ್ತು. ಆದ್ದರಿಂದ ಹೊರಡುವ ಮುನ್ನ ಮತ್ತೊಮ್ಮೆ ತಾರಸಿ ಹತ್ತಿದೆ. ಯಾವ ಶಿಖರ ಎಲ್ಲಿ ಎಂದು ತೋರಿಸಲು ಅಲ್ಲಿಯ ಗೋಡೆಯ ಮೇಲೆ ಬಾಣದ ಗುರುತುಗಳನ್ನು ಬರೆದಿದ್ದರು. ಬಾಣಗಳಿರುವ ಗೋಡೆಯಿಂದ ಬಗ್ಗಿ ನೋಡಿದೆ. ನಾನು ತೆರೆದು ಬಿಟ್ಟು ಬಂದಿದ್ದ ಬಚ್ಚಲ ಕಿಟಕಿ ನೇರ ಅದರ ಕೆಳಗೇ ಇತ್ತು, ಉತ್ತರಕ್ಕೆ.